ತಿಂಡಿ ಏನಾಯ್ತು?

ಶೂಟಿಂಗ್ ಶುರುವಾಗುವ ಮೊದಲು ಸೌಂಡ್ ವಿಭಾಗದ ಕುಮುದಾ ಎಂದಿನಂತೆ ಎಲ್ಲರಿಗೂ ಹೆಡ್‌ಸೆಟ್ ತೊಡಿಸಿ, ಸೊಂಟಕ್ಕೆ ವೈರ್‌ಲೆಸ್ ಡಬ್ಬಿ ಸಿಕ್ಕಿಸಿದಳು. ಈ ಹೆಡ್‌ಸೆಟ್‌ಗಳು ತೊಟ್ಟವರ ಮನಸ್ಸಿನ ಮಾತನ್ನೂ ಅವಳ ಕಿವಿಗೆ ಮುಟ್ಟಿಸತೊಡಗಿ ಮೂರು ವರ್ಷವಾಗಿತ್ತು. ಅವು ಸರಿಯಿವೆಯೇ ಎಂದು ನೋಡಲು ದಿನವೂ ಅವಳು ಒಬ್ಬೊಬ್ಬರನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದಳು. ಬಾಯಿಯೂ ಮನಸ್ಸೂ ಒಂದೇ ಉತ್ತರ ಕೊಟ್ಟರೆ ಡಬ್ಬಿಯ ಮೇಲೆ ಹಸಿರು ದೀಪ, ಇಲ್ಲವಾದರೆ ಕೆಂಪು. ಆಮೇಲೆ ಮನಸ್ಸಿನ ಚಾನೆಲ್ ಮುಚ್ಚಿಬಿಡಬೇಕು, ಅದು ನಿಯಮ.

"ತಿಂಡಿ ಏನಾಯ್ತು, ನಳಿನಿ?"

"ಉಪ್ಪಿಟ್ಟು ಅಕ್ಕಾ," ಎಂದಳು ಮೇಕಪ್ಪಿನ ನಳಿನಿ. ಹಸಿರು. ಕುಮುದಾ ಅವಳ ಚಾನೆಲ್ ಮುಚ್ಚಿದಳು.

ಮುಂದಿನ ಸರದಿ ಕ್ಯಾಮೆರಾಮನ್ ದಿವಾಕರನದು, ಅವಳ ಗಂಡನದು. ಬೇಗ ಕೆಲಸವಿದೆಯೆಂದು ಅವನು ಆರಕ್ಕೇ, ಅವಳು ಕಲಸಿಟ್ಟ ಅವಲಕ್ಕಿ ಮುಟ್ಟದೆ ಮನೆಬಿಟ್ಟಿದ್ದ.

"ನಿಮ್ದೇನ್ರೀ?"

"ಉಪ್ಪಿಟ್ಟು." ಹಸಿರು.

ಚಾನೆಲ್ ಮುಚ್ಚಲು ಹೊರಟ ಅವಳ ಬೆರಳು ಅಲ್ಲೇ ನಿಂತಿತು. "ಕ್ಯಾಂಟೀನಲ್ಲಿ ತಿಂದ್ರಾ?"

"ಹೂಂ ಕಣೇ. ಇನ್ನೆಲ್ಲಿ?" ಎಂದು ನಕ್ಕ. ದೀಪ ಕೆಂಪಾಯಿತು.

ಆ ಬದಿಯಲ್ಲಿ ನಳಿನಿಯ ಬ್ರಷ್ ನಾಯಕಿಯ ಕೆನ್ನೆಯ ಮೇಲೆ ಸುಮ್ಮನಾಗಿತ್ತು.

"ಯಾರ್ರೀ ಮಾಡಿದ್ದು?" ಕುಮುದಾ ಮೆತ್ತಗೆ ಕೇಳಿದಳು.

ದಿವಾಕರ ತುಟಿ ಬಿಗಿಹಿಡಿದ. ಆದರೆ ಅವಳ ಕಿವಿಯಲ್ಲಿ ಅವನ ಮನಸ್ಸು ತಡೆಯಲಾರದೆ ಹೇಳಿಬಿಟ್ಟಿತು: 'ಈರುಳ್ಳಿ ಹೆಚ್ಚಿಕೊಟ್ಟಿದ್ದು ನಾನೇ.'

ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವನು ಒಂದು ದಿನವೂ ಚಾಕು ಹಿಡಿದು ಅವಳ ಪಕ್ಕ ನಿಂತವನಲ್ಲ.

ಕುಮುದಾ ಚಾನೆಲ್ ಮುಚ್ಚಿದಳು. "ಏನಾದ್ರೂ ತೊಂದ್ರೆನಾ?" ಎಂದು ನಿರ್ದೇಶಕರು ಕೂಗಿದರು.

"ಇಲ್ಲ ಸಾರ್," ಎಂದಳು. "ಚೆನ್ನಾಗೇ ಕೇಳಿಸ್ತಿದೆ."