ದಾಯಾದಿ

ಕುದಿಯುವ ಸಾರಿನ ಹಂಡೆ ಮೈಮೇಲೆ ಮಗುಚಿ ಹೋಟೆಲಿನ ಅಡಿಗೆಯವನು ಸತ್ತು ಮೂರು ದಿನವಾಗಿತ್ತು. ಪರಿಹಾರ ಕೊಡಿಸಿರೆಂದು ಅವನ ಹೆಂಡತಿ ಕಾರ್ಮಿಕ ಇಲಾಖೆಯ ಅಧಿಕಾರಿಯನ್ನು ಕರೆತಂದಳು. ಊಟದ ಹೊತ್ತು, ಹೋಟೆಲು ತುಂಬಿತ್ತು; ಮಾಲೀಕ ಭಟ್ಟರು ಗಲ್ಲಾದಲ್ಲಿ ಕೂತಿದ್ದರು.

“ಕೆಲಸಗಾರರಿಗೆ ವಿಮೆ ಮಾಡಿಸಿದ್ದೀರಾ, ಭಟ್ಟರೇ?”

“ಕೆಲಸಗಾರನಾದ್ರೆ ತಾನೇ ಸಾರ್, ವಿಮೆ? ಅವ್ನು ನಮ್ಮ ದಾಯಾದಿ. ಮನೆಯವನು ಅಂತ ಕೈ ಜೋಡಿಸ್ತಿದ್ದ, ಅಷ್ಟೆ.”

ಪಕ್ಕದ ಮೇಜಿನ ಮುದುಕರೊಬ್ಬರು ಬಾಯಲ್ಲಿದ್ದ ತುತ್ತನ್ನು ಎಲೆಗೇ ಉಗುಳಿದರು.

“ದಾಯಾದಿಯೇ? ಹಾಗಾದ್ರೆ ನಿಮಗೆ ಹತ್ತು ದಿನ ಸೂತಕ! ಸೂತಕದ ಅನ್ನ ಬಡಿಸಿದ್ರೇನ್ರೀ ನಮಗೆ?”

ಉಣ್ಣುತ್ತಿದ್ದವರೆಲ್ಲ ಎಲೆ ಬಿಟ್ಟು ಎದ್ದರು.

“ಅಯ್ಯೋ, ಕೂತ್ಕೊಳ್ಳಿ ಸ್ವಾಮಿ! ದೇವರಾಣೆಗೂ ಅವ್ನು ದಾಯಾದಿ ಅಲ್ಲ. ಹನ್ನೆರಡು ವರ್ಷದಿಂದ ನನ್ನ ಹತ್ರ ಸಂಬಳಕ್ಕಿದ್ದ ಅಡಿಗೆಯವನು!”

“ಹನ್ನೆರಡು ವರ್ಷ,” ಎನ್ನುತ್ತ ಅಧಿಕಾರಿ ಬರೆದುಕೊಂಡರು.