ಸೀರೆ ಉಟ್ಟಾಕಿ

ತಮ್ಮನ ಮದುವೆಯ ಫೋಟೋದಲ್ಲಿ ರೀಟಾಳ ಜಾಗದಲ್ಲಿ ಗ್ರಾಸಾ ನಿಂತಿದ್ದಳು.

ಹೆಗಲ ಮೇಲಿನ ಕ್ಯಾಮೆರಾ ಚೀಲ ಇಳಿಸುವುದನ್ನೂ ಮರೆತು ರೀಟಾ ಗೋಡೆಯ ಹತ್ತಿರ ಹೋದಳು. ಅವ್ವ, ತಮ್ಮ ಜೇಮ್ಸ್, ಅವನ ಹೆಂಡತಿ ನೀಲಂ. ಅವರ ಪಕ್ಕದಲ್ಲಿ, ರೀಟಾಳದೇ ಹಸಿರು ಇಳಕಲ್ ಸೀರೆ ಉಟ್ಟು, ತಮ್ಮೂರು ತೇರಗಾಂವದ ಮಣ್ಣನ್ನು ಎಂದೂ ತುಳಿಯದ ಗ್ರಾಸಾ. ಮೊಜಾಂಬಿಕ್ ದೇಶದವಳು. ಲಿಸ್ಬನ್ನಿನಲ್ಲಿ ಇಬ್ಬರದೂ ಒಂದೇ ಕೋಣೆ, ಮುದುಕರನ್ನು ನೋಡಿಕೊಳ್ಳುವ ಒಂದೇ ಕೆಲಸ. ಫೋಟೋದಲ್ಲಿ ಅವಳ ಕಾಲ ಬುಡದಲ್ಲಿ ಮಾತ್ರ ನೆರಳಿರಲಿಲ್ಲ.

"ಇದನ್ನ ಯಾರು ಮಾಡಿದ್ದು?"

"ಹಳಿಯಾಳದ ಸ್ಟುಡಿಯೋದಾಂವ," ಜೇಮ್ಸ್ ನಗು ತಡೆದುಕೊಂಡ. "ಲಗ್ನಕ್ಕ ನೀ ಬರಲಿಲ್ಲಲ್ಲಕ್ಕಾ. ನೀವಿಬ್ರೂ ನಿಂತಿದ್ದ ಫೋಟೋ ಮೊಬೈಲಿಗೆ ಕಳಿಸಿದ್ದಿಯಲ್ಲ, ಅದನ್ನ ಕೊಟ್ಟು ನಮ್ಮಕ್ಕನ್ನೂ ಸೇರಸ್ರಿ ಅಂದೆ. ಸೀರಿ ಉಟ್ಟಾಕೀನ್ನ ಕತ್ತರಿಸಿ ಹಚ್ಯಾನ. ಪ್ಯಾಂಟಿನಾಕಿ ಪರದೇಶದಾಕಿ ಅಂದ್ಕೊಂಡ್ನಂತ!"

ಆ ಫೋಟೋ ತೆಗೆಸಿಕೊಂಡ ದಿನ ಹುಡುಗಾಟಕ್ಕೆ ಇಬ್ಬರೂ ಬಟ್ಟೆ ಅದಲುಬದಲು ಮಾಡಿಕೊಂಡಿದ್ದರು. ಆಗ ನಕ್ಕಿದ್ದ ರೀಟಾಗೆ ಈಗ ನಗು ಬರಲಿಲ್ಲ. ಲಿಸ್ಬನ್ನಿನ ಟ್ರಾಮಿನಲ್ಲಿ ಎಲ್ಲರಿಗೂ ಅವಳು ಆಫ್ರಿಕಾದವಳೇ. ಇವತ್ತು ಬೆಳಿಗ್ಗೆ ದಾಂಡೇಲಿ ಬಸ್‌ಸ್ಟ್ಯಾಂಡಿನಲ್ಲಿ, ನಾನು ಇಲ್ಲಿಯ ಸಿದ್ದಿ, ನಮ್ಮ ಹಿರಿಯರು ಆಫ್ರಿಕಾದಿಂದ ಬಂದು ತಲೆಮಾರುಗಳೇ ಆದವು ಎಂದರೂ ನಂಬದೆ ಪ್ರವಾಸಿಯೊಬ್ಬ ಇಂಗ್ಲಿಷಿನಲ್ಲಿ ಯಾವ ದೇಶವೆಂದು ಕೇಳಿ ಸೆಲ್ಫಿ ತೆಗೆದುಕೊಂಡಿದ್ದ. ಅಲ್ಲಿಯ ಮುಖಗಳನ್ನೂ ಇಲ್ಲಿಯ ಮುಖಗಳನ್ನೂ ಫೋಟೋ ತೆಗೆದು ಒಂದೇ ಗೋಡೆಗೆ ತೂಗುಹಾಕಿದರೆ ತನ್ನ ಮುಖ ಎಲ್ಲಿಯದೆಂದು ತಿಳಿದೀತು ಎಂದು ಕ್ಯಾಮೆರಾ ಕೊಂಡವಳು ಅವಳು. ಹುಟ್ಟಿದ ಮನೆಯ ಗೋಡೆಯಲ್ಲೇ ಅವಳಿಲ್ಲ.

"ಅವ್ವಾ, ನಿನಗ ಮಗಳ ಗುರ್ತ ಸಿಗಲಿಲ್ಲೇನು?"

ಅವ್ವ ಅಕ್ಕಿ ಕೇರುತ್ತ ಕೂತಿದ್ದಳು. "ಸಿಗದ ಏನು? ತಂದ ದಿನಾನ ಸಿಕ್ತು."

"ಮತ್ತ ಯಾಕ ಇಳಸಲಿಲ್ಲ?"

"ಬಂದು ನಿಂತಾಕೀನ್ನ ಹೊರಗ ಹೋಗಂತ ಹೆಂಗ ಅನ್ನೂದು? ಆಕೀನೂ ಯಾರದೋ ಮಗಳು." ಅವ್ವ ಮೊರ ಕೊಡವಿದಳು. "ಓಣ್ಯಾನವರೆಲ್ಲಾ ನಿನ್ನ ಮಗಳು ದುಂಡಗ ಛಲೋ ಆಗ್ಯಾಳ ಅಂತಾರ. ಹೂಂ ಅಂತೇನಿ. ನೀ ನೋಡಿದ್ರ ಕಡ್ಡಿ ಆಗಿ ಬಂದಿ."

"ಈಗಿಂದೀಗ ಹೊಸಾದು ತೆಗಿಯೂಣು. ಹೊರಗ ಬರ್ರಿ ಎಲ್ಲಾರೂ."

"ಚಾ ಕುಡಿಯೇ ಮಾರಾಯ್ತಿ ಮೊದ್ಲ."

"ಆಮ್ಯಾಲ."

ಅಂಗಳದಲ್ಲಿ ರೀಟಾ ಸ್ಟ್ಯಾಂಡ್ ನೆಟ್ಟಳು. ಎತ್ತರವೆನಿಸಿತು, ಇಳಿಸಿದಳು. ಬಿಸಿಲು ಕಣ್ಣಿಗೆ ಬಿತ್ತು, ಎಲ್ಲರನ್ನೂ ಹುಣಸೆಮರದ ಕೆಳಗೆ ಎಳೆದಳು, ಮತ್ತೆ ಅಲ್ಲಿಂದ ಬಾಗಿಲ ಮುಂದೆ. ನೀಲಂ ಮೂರನೆಯ ಸಲ ಸೆರಗು ಸರಿಮಾಡಿಕೊಂಡಳು. ಕೊನೆಗೆ ಟೈಮರ್ ಒತ್ತಿ ಓಡಿಬಂದ ರೀಟಾ ಅವ್ವನಿಗೆ ಒತ್ತಿ ನಿಂತಳು.

ಕ್ಯಾಮೆರಾದ ಕೆಂಪು ದೀಪ ಮಿಣುಕತೊಡಗಿತು. ಅವ್ವ ಅವಳ ತೋಳು ಹಿಡಿದು ಮೆಲ್ಲಗೆ ಆಚೆ ಸರಿಸಿದಳು. ನಡುವೆ ಒಬ್ಬರು ನಿಲ್ಲುವಷ್ಟು ಜಾಗ ತೆರೆದುಕೊಂಡಿತು.

"ಅವ್ವಾ, ಸನೇಕ ಬಾ, ಲಗೂನ! ನಡುವ ಖಾಲಿ ಬೀಳತೈತಿ!"

ಅವ್ವ ಕದಲಲಿಲ್ಲ. ಕ್ಯಾಮೆರಾವನ್ನೇ ನೋಡುತ್ತ ಅಂದಳು:

"ಮತ್ತ ಆಕಿ ಎಲ್ಲಿ ನಿಂದ್ರಬೇಕು?"