ಹುರುಳಿ ಹಾಸಿದ ರಸ್ತೆ

ಒಣ ಹುರುಳಿ ಹೊಟ್ಟಿನ ವಾಸನೆ ಬಂದರೆ ನನಗೆ ಇಂದಿಗೂ ಬಳೆಯ ಸದ್ದು ಕೇಳುತ್ತದೆ.

ಆ ಮಧ್ಯಾಹ್ನ, ಬಸ್ಸು ತುಳಿದು ಕಾಳು ಉದುರಲೆಂದು ಅವ್ವ ಜಗಳೂರಿನ ಡಾಂಬರು ರಸ್ತೆಯ ಮೇಲೆ ಹುರುಳಿ ಬಳ್ಳಿ ಹರಡಿದ್ದಳು. "ಸೈಕಲ್ಲಿನೋರು ಬಂದ್ರೆ ಇಳಿಯಾಕೆ ಕೂಗಿ ಹೇಳು, ಜಾರ್ತೈತೆ" ಎಂದು ನನ್ನನ್ನು ಕೂರಿಸಿ ಮನೆಗೆ ಹೋದಳು.

ಹಬ್ಬದ ಬಳೆಗಳನ್ನು ಸೈಕಲ್ಲಿಗೆ ಹೇರಿಕೊಂಡು ಬಳೆ ಮಾರುವ ಅಜ್ಜ ಬಂದ. ಚಕ್ರದಡಿ ಹೊಟ್ಟು ಚರಚರ ಎನ್ನುವುದನ್ನು ಕೇಳುವ ಆಸೆಗೆ ನಾನು ಸುಮ್ಮನಿದ್ದೆ.

ಸೈಕಲ್ಲು ಜಾರಿತು. ಹೊಂಬಣ್ಣದ ಹೊಟ್ಟಿನ ತುಂಬ ಹಸಿರು, ಕೆಂಪು ಚೂರುಗಳು ಮಿನುಗಿದವು. ಅಜ್ಜ ಮೊಣಕೈಯ ರಕ್ತ ಒರೆಸಿಕೊಂಡು, ಅಲ್ಲೇ ಕುಳಿತು ಗಾಜು ಆರಿಸತೊಡಗಿದ. "ತಿನ್ನೋ ಕಾಳು ಕಣಪ್ಪ ಇದು."

ಅವ್ವ ಓಡಿ ಬಂದಳು. "ಈ ಹುಡುಗ ಕೂಗಲಿಲ್ಲೇನಜ್ಜಾ?"

ಅವನು ನನ್ನನ್ನೊಮ್ಮೆ ನೋಡಿದ. "ಕೂಗಿದ, ತಾಯಿ. ನನ್ನ ಕಿವೀನೇ ಮಂದ ಆಗೈತೆ."